ಹರಾಜು ಚೆನ್ನಾಗಿ ಮಾಡ್ತಾರೆ, ಮಾಲು ಎತ್ತಿಸೋಕೆ ಮಾತ್ರ ಬರಲ್ಲ

ನಮ್ಮ ಮಾವನವರ ಕಾಲದ ಅಕ್ಕಿ ಗಿರಣಿಯ ಯಂತ್ರಗಳನ್ನು ಶಿವಮೊಗ್ಗದ ಒಂದು ಹರಾಜು ಏಜೆನ್ಸಿ ಮೂಲಕ ಮಾರಿದೆವು. ಐದರಲ್ಲಿ ಮೂರು ಸ್ಟಾರ್ ಕೊಡ್ತಿದ್ದೇನೆ. ಆ ಮೂರೂ ಹರಾಜಿನ ದಿನಕ್ಕೆ.

ಅವತ್ತಿನ ಕೆಲಸ ನಿಜಕ್ಕೂ ಅಚ್ಚುಕಟ್ಟು. ಹಲ್ಲರ್, ಜರಡಿ, ಮೋಟಾರು ಎಲ್ಲಕ್ಕೂ ನಂಬರ್ ಚೀಟಿ ಅಂಟಿಸಿ, ದಾವಣಗೆರೆ, ಗಂಗಾವತಿ ಕಡೆಯಿಂದ ಕೊಳ್ಳುವವರನ್ನು ಕರೆಸಿದ್ದರು. ಗುಜರಿಯವರು ತೂಕಕ್ಕೆ ಹೇಳಿದ್ದ ರೇಟಿಗಿಂತ ಜಾಸ್ತಿಯೇ ಬಂತು. ಹಣವೂ ಹೇಳಿದ ದಿನಕ್ಕೆ ಖಾತೆಗೆ ಬಿತ್ತು.

ತೊಂದರೆ ಶುರುವಾಗಿದ್ದು ಆಮೇಲೆ. ಬಾಯ್ಲರ್, ಭತ್ತ ಮೇಲೆತ್ತುವ ಎಲಿವೇಟರ್ ಹರಾಜಿನಲ್ಲಿ ಕೂಗಿಕೊಂಡು ಪೂರ್ತಿ ದುಡ್ಡು ಕಟ್ಟಿ ಹೋದವರು ಈ ಕಡೆ ತಿರುಗಿಯೂ ನೋಡಲಿಲ್ಲ. ಮಳೆಗಾಲ ಬಂತು. ಕಣದಲ್ಲಿ ಬಿಚ್ಚಿಟ್ಟಿದ್ದ ಎಲಿವೇಟರ್ ಬೆಲ್ಟಿನ ಒಂದೊಂದು ತಗಡಿನ ಬಕೆಟ್ಟಿನಲ್ಲೂ ನೀರು ನಿಂತು, ತುಂಬಾ ಸೊಳ್ಳೆ ಮರಿ. ಅಡಿಕೆ ಕೊಯ್ಲು ಹತ್ತಿರವಾಗಿತ್ತು. ಬೇಯಿಸಿದ ಅಡಿಕೆ ಹರವಲು ಆ ಕಣವನ್ನು ಬಾಡಿಗೆಗೆ ಕೇಳಿದವರಿಗೆ ಏನು ಹೇಳೋದು? ಏಜೆನ್ಸಿಗೆ ಫೋನ್ ಮಾಡಿದರೆ, “ಮೇಡಂ, ನಮ್ಮ ಕೆಲಸ ಮುಗೀತು. ಇನ್ನು ನೀವುಂಟು, ಅವರುಂಟು” ಅಂದರು.

ಹಾಗಂತ ಸುಮ್ನೆ ಗುಜರಿಗೆ ಹಾಕುವಂತಿಲ್ಲ. ದುಡ್ಡು ಕಟ್ಟಿದ ಮೇಲೆ ಮಾಲು ಅವರದ್ದು. ಬಾಕಿ ಉಳಿಸಿಕೊಂಡಿದ್ದರೆ ನೋಟಿಸ್ ಕೊಟ್ಟು ಬೇರೆಯವರಿಗೆ ಮಾರುವ ದಾರಿ ಇದೆ, ಪೂರ್ತಿ ಕಟ್ಟಿದವರ ವಿಷಯ ಬೇರೆ. ಆದರೆ 1930ರ ಸರಕು ಮಾರಾಟ ಕಾಯ್ದೆಯ 44ನೇ ಕಲಂ ನಮ್ಮಂಥವರ ಕೈ ಹಿಡಿಯುತ್ತದೆ. ಒಯ್ಯಿರಿ ಅಂತ ಕೇಳಿದ ಮೇಲೂ ಸಕಾಲಕ್ಕೆ ಒಯ್ಯದಿದ್ದರೆ, ಅದರಿಂದಾದ ನಷ್ಟವನ್ನೂ ಮಾಲು ಕಾಯ್ದಿಟ್ಟುಕೊಂಡ ಖರ್ಚನ್ನೂ ಕೊಂಡವರೇ ಕೊಡಬೇಕು. ನಮ್ಮ ವಕೀಲರು ಇದನ್ನೇ ಬರೆದು, ಕಣದ ಬಾಡಿಗೆ ಲೆಕ್ಕ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದರು. ಏಜೆನ್ಸಿಗೂ ಒಂದು ಪ್ರತಿ ಹಾಕಿದರು. ಆಮೇಲೆ ಎಲ್ಲರೂ ಚುರುಕಾದರು. ಕ್ರೇನು, ಗ್ಯಾಸ್ ಕಟರ್ ಸಮೇತ ಲಾರಿ ಬಂತು. ಕೇಳಿದ ಬಾಡಿಗೆಯಲ್ಲಿ ಅರ್ಧ ಕೊಟ್ಟರು, ಒಪ್ಪಿಕೊಂಡೆವು.

ಯಂತ್ರವೋ ಮರವೋ, ಹರಾಜಿಗೆ ಕೊಡುವವರು ಮಾಲು ಎತ್ತುವ ಗಡುವನ್ನು ಕಾಗದದಲ್ಲಿ ಬರೆಸಿಯೇ ಸಹಿ ಹಾಕಿ. ಈ ಏಜೆನ್ಸಿಯ ಷರತ್ತುಗಳಲ್ಲಿ ಅದೇ ಇಲ್ಲ. ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಇ-ಹರಾಜುಗಳಲ್ಲಿ ಎತ್ತುವ ಅವಧಿ, ತಡವಾದರೆ ಜಾಗದ ಬಾಡಿಗೆ ಎಲ್ಲ ಮೊದಲೇ ಬರೆದಿರುತ್ತಾರೆ. ಇವರಿಗೂ ಅದೇನು ದೊಡ್ಡ ಕೆಲಸ ಅಲ್ಲ, ಅಲ್ವಾ? ಕೂಗುವವರಿಂದ ಒಂದಿಷ್ಟು ಠೇವಣಿ ಹಿಡಿದಿಟ್ಟು, ಜಾಗ ಖಾಲಿಯಾದ ಮೇಲೆ ವಾಪಸ್ ಕೊಡಲಿ. ಅಷ್ಟು ಮಾಡಿದ ದಿನ ಉಳಿದ ಎರಡು ಸ್ಟಾರನ್ನೂ ಸಂತೋಷದಿಂದ ಸೇರಿಸ್ತೇನೆ.