ನೀರಿನ ವರದಿ ಸರಿಯಿತ್ತು, ನರ್ತೆ ಇರಲಿಲ್ಲ: ಮಂಗಳೂರಿನ ಒಂದು ಪ್ರಯೋಗಾಲಯದ ಬಗ್ಗೆ
ತೋಡಿನ (ಸಣ್ಣ ಹಳ್ಳದ) ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ನೋಡಿಸಬೇಕಿದ್ದರೆ ಮಂಗಳೂರಿನ ಈ ಖಾಸಗಿ ಪ್ರಯೋಗಾಲಯಕ್ಕೆ ಧೈರ್ಯವಾಗಿ ಹೋಗಬಹುದು. ಆದರೆ ಏನು ಕೇಳಬೇಕೆಂದು ತಿಳಿದುಕೊಂಡೇ ಹೋಗಿ. ನಾನು ತಿಳಿಯದೆ ಹೋಗಿ, ಕಾರ್ಕಳದಿಂದ ಮತ್ತೆ ಮತ್ತೆ ಬಸ್ ಹತ್ತಬೇಕಾಯಿತು.

ನಮ್ಮದು ಎರಡು ಎಕರೆ ಅಡಿಕೆ ತೋಟ. ಮಾವನವರ ಕಾಲದಿಂದಲೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, ಬಿಡುವು ಕೊಟ್ಟಾಗ ಇನ್ನೊಮ್ಮೆ. ಬ್ಯಾರೆಲ್ ಇಡುತ್ತಿದ್ದದ್ದು ತೋಡಿನ ದಂಡೆಯಲ್ಲಿ, ತೊಳೆದು ಚೆಲ್ಲುತ್ತಿದ್ದದ್ದೂ ಅಲ್ಲಿಗೇ. ಅಲ್ಲಿನ ಕಲ್ಲುಗಳಿಗೆ ಹಿಡಿದ ನೀಲಿ ಬಣ್ಣ ಬೇಸಗೆಯಲ್ಲೂ ಬಿಡುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ನರ್ತೆ, ಅಂದರೆ ತೋಡಿನ ಬಸವನಹುಳು, ಹೆಕ್ಕಲು ಬರುವ ನೆರೆಮನೆಯ ಅಕ್ಕ ಒಂದು ದಿನ, "ನಿಮ್ಮ ತೋಟದಿಂದ ಮೇಲೆ ಬುಟ್ಟಿ ತುಂಬುತ್ತದೆ ಅಮ್ಮಾ, ಕೆಳಗೆ ಒಂದೂ ಸಿಗುವುದಿಲ್ಲ" ಎಂದರು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪ್ರಯೋಗಾಲಯದವರು ಲೋಹದ ಪರೀಕ್ಷೆಗೆಂದು ಎರಡು ಹನಿ ಆಮ್ಲ ಹಾಕಿದ ಪ್ಲಾಸ್ಟಿಕ್ ಬಾಟಲಿ ಕೊಟ್ಟರು, ತುಂಬುವ ಕ್ರಮವನ್ನೂ ಹೇಳಿದರು. ಎಂಟನೆಯ ದಿನಕ್ಕೆ ಮೊಬೈಲಿಗೆ ವರದಿ ಬಂತು. ತಾಮ್ರ ಲೀಟರಿಗೆ 0.03 ಮಿಲಿಗ್ರಾಂ, ಮುಂದೆ "ಮಿತಿಯೊಳಗಿದೆ" ಎಂಬ ಒಂದೇ ಮಾತು. ನನ್ನ ದೂರು ಇರುವುದು ಇಲ್ಲಿ. ಆ ಮಿತಿ, ಅಂದರೆ 0.05, ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಹಾಕಿದ ಗೆರೆ. ತೋಡಿನ ನೀರೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಆ ನೀರಿನಲ್ಲೇ ಹುಟ್ಟಿ ಸಾಯುವ ಜೀವಕ್ಕೆ ಮನುಷ್ಯನ ಅಳತೆ ಹಿಡಿದು ಕೈತೊಳೆದುಕೊಂಡರೆ ಹೇಗೆ? ಫೋನಿನಲ್ಲಿ ಕೇಳಿದರೆ ಯಾರೂ ಉತ್ತರ ಕೊಡಲಿಲ್ಲ.

ಮತ್ತೆ ಹೋದೆ. ಈ ಬಾರಿ ಸಿಕ್ಕ ಯುವ ರಸಾಯನಶಾಸ್ತ್ರಜ್ಞೆಗಾಗಿಯೇ ಇಷ್ಟು ಬರೆಯುತ್ತಿದ್ದೇನೆ. ಅರ್ಧ ಗಂಟೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ನಮ್ಮ ಮುರಕಲ್ಲಿನ ನೆಲದ ನೀರು ಬಹಳ ಮೃದು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅಡ್ಡ ನಿಂತು ತಾಮ್ರವನ್ನು ಸ್ವಲ್ಪ ತಡೆಯುತ್ತದೆ, ಮೃದು ನೀರಿನಲ್ಲಿ ಆ ತಡೆ ಇಲ್ಲ. ತಾಮ್ರವು ಜೀವಿಗಳ ಮೈಗೆ ಬೇಕಾದ ಸೋಡಿಯಂ ಒಳಸೇರದಂತೆ ಮಾಡುತ್ತದೆ. ಒಂದೇ ದಿನದಲ್ಲಿ ಸಾಯಬೇಕೆಂದಿಲ್ಲ. ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಮರಿಗಳು ಉಳಿಯುವುದಿಲ್ಲ. ಅದಕ್ಕೇ ವಿಜ್ಞಾನಿಗಳು ನೀರುಚಿಗಟಗಳನ್ನು (ಸಿಹಿನೀರಿನ ಪುಟ್ಟ ಜೀವಿಗಳನ್ನು) 48 ಗಂಟೆ ನೋಡಿ ಸುಮ್ಮನಾಗುವುದಿಲ್ಲ, 21 ದಿನ ಇಟ್ಟು ಹುಟ್ಟಿದ ಮರಿಗಳನ್ನೂ ಎಣಿಸುತ್ತಾರೆ. ಬಸವನಹುಳುಗಳನ್ನು ಕೊಲ್ಲಲೆಂದೇ ಮೈಲುತುತ್ತು ಬಳಸಿದ್ದೂ ಉಂಟಂತೆ. ಅದನ್ನು ಕೇಳಿ ನಮ್ಮ ನೀಲಿ ಕಲ್ಲುಗಳು ಕಣ್ಣ ಮುಂದೆ ಬಂದವು.

"ನರ್ತೆ ಇರುವುದು ಕೆಸರಿನಲ್ಲಲ್ಲವೇ ಅಮ್ಮಾ? ನೀರು ಹರಿದು ಹೋಗುತ್ತದೆ, ಕೆಸರು ತನ್ನಿ" ಎಂದಳು.

ತೋಟದ ಮೇಲಿನ ಕೆಸರಿನಲ್ಲಿ ತಾಮ್ರ ಕಿಲೋಗೆ 46 ಮಿಲಿಗ್ರಾಂ ಇತ್ತು, ಕೆಳಗಿನದರಲ್ಲಿ 210. ಸಿಹಿನೀರಿನ ಕೆಸರಿಗೆ ವಿಜ್ಞಾನಿಗಳು ಬಳಸುವ ಒಂದು ಮಾರ್ಗಸೂಚಿಯ ಪ್ರಕಾರ 149 ದಾಟಿದರೆ ತಳದ ಜೀವಿಗಳಿಗೆ ಹಾನಿಯಾಗುವ ಸಂಭವ ಹೆಚ್ಚು. ಲೋಹ ಕೊಳೆಯುವುದಿಲ್ಲ. ಮಾವನವರು ಚೆಲ್ಲಿದ ತಾಮ್ರವೂ ಅಲ್ಲೇ ಕೂತಿರಬಹುದು.

ಶುಲ್ಕ ನೀರಿಗೆ 900, ಕೆಸರಿಗೆ 1,400 ರೂಪಾಯಿ. ಕಡಿಮೆಯಲ್ಲ, ಆದರೆ ಕೊಟ್ಟದ್ದಕ್ಕೆ ಬೇಸರವಿಲ್ಲ. ಮೊದಲ ದಿನವೇ "ಯಾವುದಕ್ಕಾಗಿ ಪರೀಕ್ಷೆ?" ಎಂದು ಕೇಳುವ ಅಭ್ಯಾಸವನ್ನು ಅವರು ಬೆಳೆಸಿಕೊಳ್ಳಲೇಬೇಕು. ನೀವು ಹೋಗುವುದಾದರೆ ಕೆಸರನ್ನೂ ಒಯ್ಯಿರಿ, ತೋಟದ ಮೇಲಿನದು ಮತ್ತು ಕೆಳಗಿನದು ಬೇರೆ ಬೇರೆಯಾಗಿ, ಜೊತೆಗೆ ನೀರಿನ ಗಡಸುತನವನ್ನೂ ಕೇಳಿ.

ಮದ್ದು ಬಿಡುವುದನ್ನು ನಾವು ನಿಲ್ಲಿಸಿಲ್ಲ, ನಿಲ್ಲಿಸಿದರೆ ಅಡಿಕೆ ಉಳಿಯುವುದಿಲ್ಲ. ಬ್ಯಾರೆಲನ್ನು ಮಾತ್ರ ತೋಡಿನಿಂದ ದೂರ, ಕೊಟ್ಟಿಗೆಯ ಹಿಂದಿನ ಗುಡ್ಡೆಗೆ ಸಾಗಿಸಿದ್ದೇವೆ. ತೊಳೆದ ನೀರೂ ಈಗ ಮುಂದಿನ ದ್ರಾವಣಕ್ಕೇ ಸೇರುತ್ತದೆ.