ಸಬ್ಸಿಡಿಯೋ, ಉತ್ಸವದ ಟೆಂಡರೋ, ಮುದ್ರಾ ಸಾಲವೋ?

ಹೊಸಪೇಟೆ ಕಡೆ ಶಾಮಿಯಾನ, ಸೌಂಡ್, ಲೈಟಿಂಗ್ ಇಟ್ಟುಕೊಂಡವರು ಕೇಳುತ್ತಿರುತ್ತಾರೆ, ಪ್ರವಾಸೋದ್ಯಮದ ದುಡ್ಡು ನಮಗೂ ಸಿಗುತ್ತದೆಯೇ ಎಂದು. ಖಂಡಿತ ಸಿಗಬೇಕು, ಉತ್ಸವ ನಡೆಯುವುದೇ ಇವರ ದುಡಿಮೆಯಿಂದ.

ರಾಜ್ಯದ 2024–29ರ ಪ್ರವಾಸೋದ್ಯಮ ನೀತಿಯ ಸಬ್ಸಿಡಿ ಹೊಸ ಯೋಜನೆಗೆ ಬಂಡವಾಳ ಹೂಡುವವರಿಗೆ ಅನುಕೂಲ. ಸಭಾಭವನ ಕಟ್ಟುವ ಯೋಚನೆಯಿದ್ದರೆ ವಿಚಾರಿಸಿ. ಬಾಡಿಗೆ ಕುರ್ಚಿ, ಜನರೇಟರಿಗೆ ಅದನ್ನೇ ನೆಚ್ಚಬೇಡಿ.

ಹಂಪಿ ಉತ್ಸವದಂಥ ಟೆಂಡರಿನಲ್ಲಿ ಸಾಲದ ಹೊರೆಯಿಲ್ಲ, ಹೆಸರೂ ಬರುತ್ತದೆ. ಆದರೆ ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಇಡುವ ಠೇವಣಿ, ಮೊದಲೇ ಕಟ್ಟಬೇಕು, ಬಿಲ್ಲು ಪಾಸಾಗುವುದು ಕೆಲಸ ಮುಗಿದ ಮೇಲೆ. ಅಲ್ಲಿಯವರೆಗೆ ಕೂಲಿ, ಡೀಸೆಲ್ ನಿಮ್ಮ ಜೇಬಿನಿಂದಲೇ. ಚಿಕ್ಕವರು ದೊಡ್ಡ ಗುತ್ತಿಗೆದಾರರ ಕೈಕೆಳಗೆ ಸೇರುವುದು ವಾಸಿ, ಬಾಯಿಮಾತು ಬೇಡ, ದರ ಬರೆಸಿಕೊಳ್ಳಿ.

ಸಾಮಾನು ಕೊಳ್ಳುವುದಕ್ಕೆ ಮುದ್ರಾ ಸುಲಭ: 10 ಲಕ್ಷದವರೆಗೆ ಅಡಮಾನವಿಲ್ಲ. ಆದರೆ ಮದುವೆಗಳಿಲ್ಲದ ಆಷಾಢದಲ್ಲೂ ಕಂತು ತಪ್ಪದು.