ಡಿವಿಡಿ ಸ್ಟೈಲರ್: ಚಿತ್ರ ಬರುತ್ತೆ, ಸೌಂಡ್ ಯಾಕಿಲ್ಲ?

ವಿಡಿಯೋ ಫೈಲನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರಿಗೆ ಹಾಕಿದರೆ ಮಾತು, ಓಲಗ ಎಲ್ಲವೂ ಸ್ಪಷ್ಟ. ಅದನ್ನೇ ಡಿವಿಡಿಗೆ ಬರ್ನ್ ಮಾಡಿ ಟಿವಿ ಪಕ್ಕದ ಪ್ಲೇಯರಿಗೆ ಹಾಕಿದರೆ ಬರೀ ಚಿತ್ರ. ಆಗ ಬೈಸಿಕೊಳ್ಳುವುದು ಡ್ರೈವ್, ಇಲ್ಲವೇ ಖಾಲಿ ಡಿಸ್ಕ್. ಅವುಗಳ ತಪ್ಪಿರುವುದು ಬಲು ಅಪರೂಪ. ಡಿವಿಡಿಯಲ್ಲಿ ಚಿತ್ರ ಮತ್ತು ಧ್ವನಿ ಒಂದೇ ವಿಒಬಿ ಫೈಲಿನೊಳಗೆ ತುಂಡುತುಂಡಾಗಿ ಹೆಣೆದುಕೊಂಡಿರುತ್ತವೆ. ಡಿಸ್ಕ್ ಕೆಟ್ಟರೆ ಎರಡೂ ಕೆಡಬೇಕು. ಧ್ವನಿ ಕಳೆದುಹೋಗುವುದು ಬರ್ನ್ ಮಾಡುವುದಕ್ಕೂ ಮುಂಚೆ, ಮೂಲ ಫೈಲನ್ನು ಡಿವಿಡಿ ರೂಪಕ್ಕೆ ಇಳಿಸುವ ಹಂತದಲ್ಲಿ. ವಿಡಿಯೋಗಳನ್ನು ಡಿವಿಡಿಯಾಗಿ ಮಾಡಿಕೊಡುವ ಡಿವಿಡಿ ಸ್ಟೈಲರನ್ನು ಅಳೆಯಬೇಕಾದದ್ದೂ ಅಲ್ಲೇ.

ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರ ದೊಡ್ಡ ಬಲ, ಚಿತ್ರ-ಧ್ವನಿಯ ರೂಪ ಬದಲಿಸುವ, ಒಳಗೇ ಇರುವ ಸಾಧನ ಎಫ್‌ಎಫ್‌ಎಂಪೆಗ್. ವಿಂಡೋಸ್ 7ರ ಜೊತೆ ಬರುತ್ತಿದ್ದ ಡಿವಿಡಿ ಮೇಕರ್ ನಿಮ್ಮ ಸಿಸ್ಟಂನಲ್ಲಿರುವ ಕೋಡೆಕ್‌ಗಳನ್ನೇ (ಕುಗ್ಗಿಸಿಟ್ಟ ಚಿತ್ರ, ಧ್ವನಿಯನ್ನು ಬಿಡಿಸುವ ತಂತ್ರಾಂಶದ ತುಣುಕುಗಳು) ನಂಬಿಕೊಂಡಿತ್ತು. ಬೇಕಾದ ಕೋಡೆಕ್ ಇಲ್ಲದಿದ್ದರೆ ಫೈಲಿನ ಧ್ವನಿ ಓದಲಾಗುತ್ತಿರಲಿಲ್ಲ. ಡಿವಿಡಿ ಸ್ಟೈಲರಿಗೆ ಆ ಹಂಗಿಲ್ಲ. ಎಂಪಿ4ನ ಎಎಸಿ, ಎಂಕೆವಿಯ ಡಿಟಿಎಸ್, ಹಳೇ ಫೋನಿನ 3ಜಿಪಿಯಲ್ಲಿರುವ 8 ಕಿಲೋಹರ್ಟ್ಸ್ ಎಎಂಆರ್, ಈ ಎಲ್ಲ ಧ್ವನಿ ರೂಪಗಳನ್ನೂ ತಾನೇ ಬಿಡಿಸಿಕೊಳ್ಳುತ್ತದೆ.

ಬಿಡಿಸಿದ್ದನ್ನು ಯಾವ ರೂಪದಲ್ಲಿ ಬರೆಯುತ್ತದೆ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ. ಡಿವಿಡಿ ವಿಡಿಯೋದಲ್ಲಿ ಎಎಸಿಗೆ ಜಾಗವಿಲ್ಲ, ಎಂಪಿ3ಗೂ ಇಲ್ಲ. ಒಪ್ಪಿತವಾದವು ಎಸಿ3 (ಅಂದರೆ ಡಾಲ್ಬಿ ಡಿಜಿಟಲ್), ಎಂಪಿ2 ಮತ್ತು ಪಿಸಿಎಂ (ಕುಗ್ಗಿಸದ ಧ್ವನಿ). ಡಿಟಿಎಸ್ ಇದ್ದರೂ ಎಲ್ಲ ಪ್ಲೇಯರ್‌ಗಳೂ ಅದನ್ನು ನುಡಿಸಲೇಬೇಕೆಂಬ ನಿಯಮವಿಲ್ಲ. ಎಸಿ3, ಎಂಪಿ2 ಎರಡಕ್ಕೂ ಸ್ಯಾಂಪ್ಲಿಂಗ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತಾರೆ ಅನ್ನುವುದು) 48 ಕಿಲೋಹರ್ಟ್ಸ್ ಇರಬೇಕು. ಸಿಡಿಯಿಂದ ತೆಗೆದ 44.1ರ ಹಾಡನ್ನು ಹಾಗೇ ತುರುಕಿದರೆ ಒಂದು ಪ್ಲೇಯರ್ ನುಡಿಸೀತು, ಇನ್ನೊಂದು ಬಾಯಿ ಬಿಡದು.

ಹೊಸ ಪ್ರಾಜೆಕ್ಟ್ ತೆರೆಯುವಾಗ ಬರುವ ಕಿಟಕಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಡಿಸ್ಕ್ ಗಾತ್ರ 4.7 ಜಿಬಿ, ವಿಡಿಯೋ ಪಾಲ್ (ಭಾರತದ ಟಿವಿ ಪದ್ಧತಿ), ಆಡಿಯೋ ಎಸಿ3 48 ಕಿಲೋಹರ್ಟ್ಸ್, ಬಿಟ್‌ರೇಟ್ 192 ಕೆಬಿಪಿಎಸ್. ಪಾಲ್ ಪ್ಲೇಯರ್‌ಗಳು ಎಂಪಿ2 ಕೂಡ ನುಡಿಸುತ್ತವೆ, ನಿಜ. ಆದರೆ ಎನ್‌ಟಿಎಸ್‌ಸಿ ಪದ್ಧತಿಯ, ಅಂದರೆ ಅಮೆರಿಕದಂಥ ದೇಶಗಳ ಪ್ಲೇಯರ್‌ಗಳಿಗೆ ಎಂಪಿ2 ಕಡ್ಡಾಯವಲ್ಲ. ಅಮೆರಿಕದಲ್ಲಿರುವ ಮಗಳಿಗೆ ಮದುವೆಯ ಡಿವಿಡಿ ಕಳಿಸುವವರು ಎನ್‌ಟಿಎಸ್‌ಸಿ ಮತ್ತು ಎಸಿ3 ಎರಡನ್ನೂ ಆರಿಸಬೇಕು. ಎಸಿ3 ಹಾಕಿದರೆ ಇಲ್ಲಿಯೂ ತೊಂದರೆಯಿಲ್ಲ, ಹಾಗಾಗಿ ಎಂಪಿ2 ಯಾಕೆ ಬೇಕು ಅನ್ನುವುದೇ ನಮ್ಮ ಪ್ರಶ್ನೆ.

ಇನ್ನು ಈ ತಂತ್ರಾಂಶ ಜನರನ್ನು ಬೀಳಿಸುವ ಜಾಗ. ಒಂದು ಟೈಟಲ್‌ಸೆಟ್‌ನೊಳಗಿನ (ಡಿಸ್ಕಿನಲ್ಲಿ ಒಟ್ಟಿಗಿಡುವ ವಿಡಿಯೋಗಳ ಗುಂಪು) ಎಲ್ಲ ವಿಡಿಯೋಗಳ ಆಡಿಯೋ ಒಂದೇ ಬಗೆಯದಾಗಿರಬೇಕು, ಟ್ರ್ಯಾಕ್‌ಗಳ ಸಂಖ್ಯೆಯೂ ಒಂದೇ ಇರಬೇಕು. ಇದು ಡಿವಿಡಿಯ ನಿಯಮ. ಹ್ಯಾಂಡಿಕ್ಯಾಮಿನ ಕ್ಲಿಪ್‌ನಲ್ಲಿ ಮೊದಲೇ ಎಸಿ3 ಇರುತ್ತದೆ, ಅದು ಕಾಪಿ ಆಗುತ್ತದೆ (ಬದಲಾಗದೆ ಹಾಗೇ ಹೋಗುತ್ತದೆ) ಅನ್ನಿ. ಪ್ರಾಜೆಕ್ಟ್ ಎಂಪಿ2ಗೆ ಇದ್ದರೆ ಫೋನಿನ ಕ್ಲಿಪ್ ಎಂಪಿ2 ಆಗುತ್ತದೆ. ಎರಡೂ ಒಂದೇ ಸೆಟ್‌ನಲ್ಲಿ ಕೂತವು. ಪ್ಲೇಯರ್ ಸೆಟ್‌ನ ಶುರುವಿನಲ್ಲಿ ಬರೆದ ಮಾಹಿತಿಯನ್ನು ಓದಿ ಎಸಿ3 ಅಂದುಕೊಳ್ಳುತ್ತದೆ, ಎರಡನೇ ಕ್ಲಿಪ್ ಬಂದಾಗ ಸುಮ್ಮನಾಗುತ್ತದೆ. ವಿಎಲ್‌ಸಿ ಈ ವಿಷಯದಲ್ಲಿ ಉದಾರಿ, ಕಂಡ ಧ್ವನಿಯನ್ನೆಲ್ಲ ನುಡಿಸುತ್ತದೆ; ಅದಕ್ಕೇ ಕಂಪ್ಯೂಟರಿನಲ್ಲಿ ದೋಷ ಕಾಣುವುದಿಲ್ಲ. 'ಮೊದಲ ವಿಡಿಯೋಗೆ ಸೌಂಡ್ ಇದೆ, ಆಮೇಲಿನವಕ್ಕೆ ಇಲ್ಲ' ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ. ಧ್ವನಿಯೇ ಇಲ್ಲದ ಫೋಟೋ ಶೋ ಶುರುವಿನಲ್ಲಿದ್ದು ಮಿಕ್ಕವು ಮೂಕವಾದರೂ ಕಾರಣ ಅದೇ.

ಪರಿಹಾರ ಸುಲಭ. ಕೆಳಗಿನ ಸಾಲಿನಲ್ಲಿರುವ ಪ್ರತಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಆಡಿಯೋ ಸಾಲಿನಲ್ಲಿ ಮೂಲ ಯಾವುದು, ಬರೆಯುವುದು ಯಾವುದು ಎರಡೂ ಕಾಣುತ್ತವೆ. ಎಲ್ಲದಕ್ಕೂ ಎಸಿ3 48 ಕಿಲೋಹರ್ಟ್ಸ್ ಸ್ಟೀರಿಯೋ ಕೊಡಿ, ಕಾಪಿ ಬೇಡ. 'ನನ್' (None, ಯಾವುದೂ ಬೇಡ) ಅಂತ ಇದ್ದರೆ ಆ ಟ್ರ್ಯಾಕ್ ಡಿಸ್ಕಿಗೆ ಹೋಗುವುದೇ ಇಲ್ಲ. ಮೂಕ ಕ್ಲಿಪ್ಪಿಗೆ ಅಷ್ಟೇ ಉದ್ದದ ಹಿನ್ನೆಲೆ ಸಂಗೀತವನ್ನೋ ಸದ್ದಿಲ್ಲದ ಆಡಿಯೋ ಫೈಲನ್ನೋ ಜೋಡಿಸಿ, ಇಲ್ಲವೇ ಅದನ್ನು ಬೇರೆ ಟೈಟಲ್‌ಸೆಟ್‌ಗೆ ಹಾಕಿ. ಹೀಗೆ ಬಗೆಬಗೆಯ ಆಡಿಯೋ ಬೆರೆತಾಗ ಕಣ್ಣಿಗೆ ಬೀಳುವ ಹಾಗೆ ಎಚ್ಚರಿಸದೆ, ಸುಳಿವನ್ನು ಬರ್ನ್ ವೇಳೆ ಓಡುವ ಇಂಗ್ಲಿಷ್ ಸಾಲುಗಳ ನಡುವೆ ಹುದುಗಿಸುವುದು ಈ ತಂತ್ರಾಂಶದ ನಿಜವಾದ ಕೊರತೆ.

ಕಾಪಿಯಿಂದ ಇನ್ನೊಂದು ಅಪಾಯವಿದೆ. ಬ್ಲೂ-ರೇ ಮೂಲದ ಫೈಲುಗಳಲ್ಲಿ ಎಸಿ3 640 ಕೆಬಿಪಿಎಸ್ ಇರಬಹುದು; ಡಿವಿಡಿಯ ಮಿತಿ 448. ಒಟಿಟಿ ಮೂಲದ ಫೈಲುಗಳಲ್ಲಿ ಸಾಮಾನ್ಯವಾದ ಇ-ಎಸಿ3 ಎಸಿ3ರ ಮುಂದಿನ ರೂಪವೇ ಆದರೂ ಡಿವಿಡಿ ಪ್ಲೇಯರಿಗೆ ಅದು ಗೊತ್ತೇ ಇಲ್ಲ. ಇವೆರಡನ್ನೂ ಮರು ಎನ್‌ಕೋಡ್ ಮಾಡಲೇಬೇಕು. ಫೈಲಿನೊಳಗೆ ಏನಿದೆ ಅಂತ ತಿಳಿಯಲು ವಿಎಲ್‌ಸಿಯಲ್ಲಿ ಕಂಟ್ರೋಲ್ ಒತ್ತಿ ಜೆ ಒತ್ತಿದರೆ ಸಾಕು.

ಗುಣಮಟ್ಟಕ್ಕಾಗಿ ಪಿಸಿಎಂ ಹಾಕೋಣ ಅನ್ನುವವರು ಲೆಕ್ಕ ನೋಡಿ. 16 ಬಿಟ್ ಸ್ಟೀರಿಯೋ ಪಿಸಿಎಂ 1,536 ಕೆಬಿಪಿಎಸ್, ಎರಡು ಗಂಟೆಗೆ ಸುಮಾರು 1.38 ಜಿಬಿ. 192ರ ಎಸಿ3 ಅಷ್ಟೇ ಹೊತ್ತಿಗೆ ಸುಮಾರು 173 ಎಂಬಿ. ಸಂಗೀತ ಕಚೇರಿಯ ರೆಕಾರ್ಡಿಂಗ್ ಬಿಟ್ಟರೆ ಆ ಜಾಗವನ್ನು ಚಿತ್ರಕ್ಕೆ ಬಿಡುವುದೇ ವಾಸಿ.

ಬರ್ನ್ ಕಿಟಕಿಯಲ್ಲಿ ನೇರ ಬರ್ನ್ ಆರಿಸಬೇಡಿ, ಐಎಸ್‌ಒ ಇಮೇಜ್ (ಇಡೀ ಡಿಸ್ಕನ್ನು ಒಳಗೊಂಡ ಒಂದೇ ಫೈಲ್) ಮಾಡಿ. ವಿಂಡೋಸ್ 10ರಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಮೌಂಟ್ ಕೊಟ್ಟರೆ ಡಿಸ್ಕಿನಂತೆಯೇ ತೆರೆಯುತ್ತದೆ. ಪ್ರತಿ ವಿಡಿಯೋದ ಕೋಡೆಕ್ ಮಾಹಿತಿ ಒಂದೇ ಇದೆಯೇ ನೋಡಿ. ಆಮೇಲೆ ಡಿವಿಡಿ-ಆರ್‌ಡಬ್ಲ್ಯೂಗೆ ಬರೆದು ಮನೆಯ ಪ್ಲೇಯರಿನಲ್ಲೇ ಪರೀಕ್ಷಿಸಿ. ತಪ್ಪಿದ್ದರೆ ಅಳಿಸಿ ಮತ್ತೆ ಬರೆಯಬಹುದು. ಡಿಸ್ಕ್ ತೆರೆದಾಗ ಆಡಿಯೋ_ಟಿಎಸ್ ಫೋಲ್ಡರ್ ಖಾಲಿ ಕಂಡರೆ ಗಾಬರಿ ಬೇಡ. ಅದು ಡಿವಿಡಿ-ಆಡಿಯೋ ಡಿಸ್ಕುಗಳಿಗೆ ಮೀಸಲು, ವಿಡಿಯೋ ಡಿಸ್ಕಿನಲ್ಲಿ ಖಾಲಿಯೇ ಇರಬೇಕು.

ಎಲ್ಲ ಸರಿಯಿದ್ದೂ ಸದ್ದಿಲ್ಲವೇ? ರಿಮೋಟಿನ ಆಡಿಯೋ ಬಟನ್ ಒತ್ತಿ, ಬೇರೆ ಟ್ರ್ಯಾಕ್ ಆಯ್ಕೆಯಾಗಿರಬಹುದು. ಡಿಜಿಟಲ್ ಕೇಬಲ್ ಹಾಕಿದ್ದರೆ ಪ್ಲೇಯರ್ ಸೆಟಪ್‌ನಲ್ಲಿ ಡಿಜಿಟಲ್ ಔಟ್‌ಪುಟ್ ರಾ ಅಥವಾ ಬಿಟ್‌ಸ್ಟ್ರೀಮ್ ಇದ್ದುದನ್ನು ಪಿಸಿಎಂ ಮಾಡಿ.

ಇಂಟರ್‌ಫೇಸ್ ಹಳೇ ಕಾಲದ್ದು, ಮೆನು ಚಿತ್ರಗಳೂ ಅಷ್ಟಕ್ಕಷ್ಟೇ. ಆದರೂ ಪ್ರತಿ ಟ್ರ್ಯಾಕ್‌ನ ಆಡಿಯೋವನ್ನು ಇಷ್ಟು ಬಿಚ್ಚಿ ತೋರಿಸುವ ಉಚಿತ ಸಾಧನ ಸುಲಭಕ್ಕೆ ಸಿಗದು. ಹಳೆಯ ಮೂಕ ಡಿಸ್ಕೊಂದು ಮಾತ್ರ ಉಳಿದು ಮೂಲ ಫೈಲ್ ಅಳಿಸಿಹೋಗಿದ್ದರೂ ಇದು ಕೆಲಸಕ್ಕೆ ಬರುತ್ತದೆ: ಅದರ ವಿಒಬಿಗಳು ವಿಎಲ್‌ಸಿಯಲ್ಲಿ ಸದ್ದು ಮಾಡುತ್ತಿದ್ದರೆ, ಅವನ್ನು ಕಂಪ್ಯೂಟರಿಗೆ ಎಳೆದುಕೊಂಡು, ವಿಡಿಯೋಗೆ ಕಾಪಿ, ಆಡಿಯೋಗೆ ಎಸಿ3 ಕೊಟ್ಟು ಹೊಸ ಡಿಸ್ಕ್ ಮಾಡಿಕೊಳ್ಳಿ. ಚಿತ್ರದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ.